ಬಿಸಿಲಲ್ಲಿ ಬಿಟ್ಟ ಕುರ್ಚಿ



ಬಾಲ್ಕನಿಗೋ ತಾರಸಿಗೋ ಹೆಣೆದ ಕುರ್ಚಿ ಕೊಳ್ಳಲು ಹೋದರೆ ಅಂಗಡಿಯವರು ಸಾಮಾನ್ಯವಾಗಿ ಮೂರು ಮಾತು ಹೇಳುತ್ತಾರೆ. ‘ಮಳೆಗೆ ಏನೂ ಆಗಲ್ಲ ಸಾರ್. ಬಿಸಿಲಿಗೆ ಏನೂ ಆಗಲ್ಲ. ಒಂದ್ಸಲ ತಗೊಂಡ್ರೆ ಮತ್ತೆ ತಿರುಗಿ ನೋಡೋ ಹಾಗೇ ಇಲ್ಲ.’ ಮೊದಲನೆಯದು ಬಹುಮಟ್ಟಿಗೆ ನಿಜ. ಮೂರನೆಯದು ವ್ಯಾಪಾರದ ಮಾತು, ಅದನ್ನು ಅಲ್ಲಿಗೇ ಬಿಡೋಣ. ನಡುವಿನ ಆ ಬಿಸಿಲಿನ ಮಾತಿದೆಯಲ್ಲ, ಇವತ್ತು ಅದನ್ನು ಸ್ವಲ್ಪ ಕೆದಕಿ ನೋಡಬೇಕೆಂದಿದ್ದೇನೆ.

ಈ ಕುರ್ಚಿಗಳನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಕಂದು ಬಣ್ಣ, ಬೆತ್ತದ ಹಾಗೆ ಕಾಣುವ ಹೆಣಿಗೆ, ಮೇಲೊಂದು ದಿಂಬು. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬಾಲ್ಕನಿಯಲ್ಲಿವೆ, ಚಿಕ್ಕಮಗಳೂರು–ಕೊಡಗಿನ ಹೋಂಸ್ಟೇಗಳ ಜಗಲಿಯಲ್ಲಿವೆ, ಗೋಕರ್ಣದ ಕಡಲದಂಡೆಯ ರೆಸಾರ್ಟುಗಳಲ್ಲಿವೆ. ಕಂಬಿಗೆ ನೇತುಹಾಕಿದ, ಮೊಟ್ಟೆಯಾಕಾರದ ತೂಗುಕುರ್ಚಿಯಂತೂ ಈಗ ಗೃಹಪ್ರವೇಶದ ಉಡುಗೊರೆಯೇ ಆಗಿಬಿಟ್ಟಿದೆ. ದೂರದಿಂದ ನೋಡಿದರೆ ಬೆತ್ತ. ಹತ್ತಿರ ಹೋಗಿ ಉಗುರಿನಿಂದ ಕೆರೆದರೆ ಪ್ಲಾಸ್ಟಿಕ್. ಎಳೆಯ ಉದ್ದಕ್ಕೂ ತೆಳುವಾದ ಕಪ್ಪು ಗೆರೆಗಳೂ ಇರುತ್ತವೆ. ಕಾಡಿನ ಬೆತ್ತದ ಮೈಮೇಲೆ ತಾನಾಗಿ ಮೂಡುವ ಕಲೆಯನ್ನು ಕಾರ್ಖಾನೆಯಲ್ಲಿ ಎರಡು ಬಣ್ಣ ಬೆರೆಸಿ ಮೂಡಿಸಿರುತ್ತಾರೆ. ಅಸಲಿನ ಊನವನ್ನೂ ಬಿಡದೆ ನಕಲು ಮಾಡುವ ಈ ಶ್ರದ್ಧೆಯನ್ನು ಕಂಡಾಗ ನನಗೆ ನಗು ಬರುತ್ತದೆ.

ಹೆಣೆದ ಕುರ್ಚಿಯ ಆಸೆ ಹುಟ್ಟಿದ್ದೇ ಸೆಕೆಯಿಂದ. ಕೂರುವ ಜಾಗದಲ್ಲಿ ಗಾಳಿಯಾಡಬೇಕು, ಬೆನ್ನು ಬೆವತರೆ ಆರಬೇಕು. ಹಳೆಯ ಕಚೇರಿಗಳಲ್ಲಿ ತೂತುತೂತಾಗಿ ಹೆಣೆದ ಬೆತ್ತದ ಕುರ್ಚಿಗಳಿದ್ದದ್ದು ಅದಕ್ಕೇ. ಅಂಧರ ಶಾಲೆಗಳಲ್ಲಿ ಕುರ್ಚಿ ಹೆಣೆಯುವುದನ್ನು ಒಂದು ಕಸುಬಾಗಿಯೇ ಕಲಿಸುತ್ತಿದ್ದರು. ಬೆರಳು ಲೆಕ್ಕ ಹಿಡಿದರೆ ಸಾಕು, ಕಣ್ಣಿನ ಹಂಗಿಲ್ಲದ ಕೆಲಸ ಅದು. ಬೆತ್ತ ತಾಳೆಯ ಕುಲಕ್ಕೆ ಸೇರಿದ ಮುಳ್ಳಿನ ಬಳ್ಳಿ. ನಮ್ಮ ಪಶ್ಚಿಮಘಟ್ಟದಲ್ಲಿ ಹಲವು ಬಗೆಯವಿವೆ. ಅವುಗಳಲ್ಲೊಂದು ನಾಗಬೆತ್ತ, ಸಸ್ಯವಿಜ್ಞಾನಿಗಳು ಅದಕ್ಕೆ ನಮ್ಮ ಹೆಸರನ್ನೇ ಉಳಿಸಿ ಕ್ಯಾಲಮಸ್ ನಾಗ್‌ಬೆಟ್ಟಾಯ್ ಎಂದು ಕರೆದಿದ್ದಾರೆ. ಆದರೆ ಬೆತ್ತ ನೆರಳಿನ ವಸ್ತು. ಮಳೆಗೆ ಬಿಟ್ಟರೆ ಬೂಸು ಹಿಡಿದು ಕಪ್ಪಾಗುತ್ತದೆ, ಬಿಸಿಲಿಗೆ ಬಿಟ್ಟರೆ ಒಣಗಿ ಸೀಳುತ್ತದೆ, ಮೂಲೆಯಲ್ಲಿಟ್ಟು ಮರೆತರೆ ಹುಳು ಕೊರೆದು ಕಾಲಬುಡದಲ್ಲಿ ಹಿಟ್ಟು ಉದುರುತ್ತದೆ. ಅದರ ಮೇಲೆ, ಕಾಡಿನಲ್ಲಿ ಸಿಗುವ ಬೆತ್ತವೂ ಕಡಿಮೆಯಾಗುತ್ತ ಬಂತು. ಜಗತ್ತಿಗೆ ಬಹುಪಾಲು ಬೆತ್ತ ಒದಗಿಸುತ್ತಿದ್ದ ಇಂಡೋನೇಷ್ಯಾ, 2012ರಿಂದ ಕಚ್ಚಾ ಬೆತ್ತದ ರಫ್ತನ್ನೇ ನಿಷೇಧಿಸಿತು: ಬೇಕಿದ್ದರೆ ನಮ್ಮ ಜನ ಹೆಣೆದ ಪೀಠೋಪಕರಣ ಕೊಳ್ಳಿ, ಬಳ್ಳಿ ಮಾತ್ರ ಕೊಡುವುದಿಲ್ಲ ಎಂಬುದು ಅದರ ನಿಲುವು.

ಬೆತ್ತಕ್ಕೆ ಬದಲಿ ಹುಡುಕುವ ಕೆಲಸ ಪ್ಲಾಸ್ಟಿಕ್ಕಿಗಿಂತ ಮೊದಲೇ ಶುರುವಾಗಿತ್ತು. ಅಮೆರಿಕದ ಮಿಶಿಗನ್ ರಾಜ್ಯದ ಮೆನಾಮಿನಿ ಎಂಬ ಊರಿನಲ್ಲಿ ಮಾರ್ಷಲ್ ಬರ್ನ್ಸ್ ಲಾಯ್ಡ್ ಎಂಬಾತ ಮಕ್ಕಳ ತಳ್ಳುಗಾಡಿ ಮಾಡಿಸುತ್ತಿದ್ದ. ಬೆತ್ತ ಹೆಣೆಯುವುದೆಂದರೆ ಗಂಟೆಗಟ್ಟಲೆ ಕೈಕೆಲಸ. 1917ರಲ್ಲಿ ಆತ ಒಂದು ಉಪಾಯ ಕಂಡುಕೊಂಡ. ಗಟ್ಟಿ ಕಂದು ಕಾಗದವನ್ನು ಹುರಿ ಮಾಡಿ, ನಿಲ್ಲುವ ಎಳೆಗಳ ಒಳಗೆ ಉಕ್ಕಿನ ತಂತಿ ಸೇರಿಸಿ, ಮಗ್ಗದ ಮೇಲೆ ಬಟ್ಟೆಯಂತೆ ನೇಯ್ದ. ಕುರ್ಚಿಯ ಚೌಕಟ್ಟನ್ನು ಬೇರೆಯಾಗಿ ಮಾಡಿ, ಆಮೇಲೆ ಈ ನೇಯ್ಗೆಯನ್ನು ಅದರ ಮೇಲೆಳೆದು ಬಿಗಿದ. ಈ ಕಾಗದದ ಕುರ್ಚಿ ಅಮೆರಿಕದಿಂದ ಇಂಗ್ಲೆಂಡಿಗೂ ಹೋಗಿ ಭಾರಿ ಹೆಸರು ಮಾಡಿತು. ನನ್ನ ಮಟ್ಟಿಗೆ ಇದರಲ್ಲಿ ದೊಡ್ಡದು ಕಾಗದವಲ್ಲ. ಚೌಕಟ್ಟು ಬೇರೆ, ಹೆಣಿಗೆ ಬೇರೆ ಎಂದು ಆತ ಬಿಡಿಸಿಟ್ಟನಲ್ಲ, ಅದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ಲಾಸ್ಟಿಕ್ ಬಂದದ್ದು ಇನ್ನೊಂದು ದಾರಿಯಿಂದ. 1933ರಲ್ಲಿ ಅಮೆರಿಕದ ಡೌ ಕಂಪನಿಯ ಪ್ರಯೋಗಾಲಯದಲ್ಲಿ ಗಾಜಿನ ಪಾತ್ರೆ ತೊಳೆಯುತ್ತಿದ್ದ ರಾಲ್ಫ್ ವೈಲಿ ಎಂಬ ವಿದ್ಯಾರ್ಥಿಗೆ ಒಂದು ಸೀಸೆ ಎಷ್ಟು ತಿಕ್ಕಿದರೂ ಸ್ವಚ್ಛವಾಗಲಿಲ್ಲ. ತಳಕ್ಕೆ ಅಂಟಿಕೊಂಡಿದ್ದ ಆ ಹಟಮಾರಿ ವಸ್ತುವೇ ಮುಂದೆ ಸರಾನ್ ಎಂಬ ಹೆಸರಿನಲ್ಲಿ ಎಳೆಯಾಗಿ, ಹಾಳೆಯಾಗಿ ಮಾರುಕಟ್ಟೆಗೆ ಬಂತು. ಎರಡನೆಯ ಮಹಾಯುದ್ಧ ಮುಗಿದಾಗ ವಿಮಾನಕ್ಕೆಂದು ತಯಾರಾಗುತ್ತಿದ್ದ ಅಲ್ಯೂಮಿನಿಯಂ ಅಗ್ಗವಾಗಿ ಸಿಗತೊಡಗಿತು. ಅಲ್ಯೂಮಿನಿಯಂ ಕೊಳವೆ, ಅದರ ಮೇಲೆ ಅಡ್ಡ–ಉದ್ದ ಹೆಣೆದ ಬಣ್ಣದ ಸರಾನ್ ಪಟ್ಟಿ. ಮಡಚಿ ಕಾರಿನ ಹಿಂದೆ ಹಾಕಿಕೊಂಡು ಹೋಗಬಹುದಾದ ಹುಲ್ಲುಹಾಸಿನ ಕುರ್ಚಿ ಹುಟ್ಟಿದ್ದು ಹೀಗೆ. ಪಟ್ಟಿ ಹರಿದರೆ ಹೊಸ ಪಟ್ಟಿಯ ಸುರುಳಿ ಅಂಗಡಿಯಲ್ಲಿ ಸಿಗುತ್ತಿತ್ತು. ಮನೆಯವರೇ ಸ್ಕ್ರೂ ಬಿಚ್ಚಿ ಹೆಣೆದುಕೊಳ್ಳುತ್ತಿದ್ದರು.

ನಮ್ಮಲ್ಲಿ ಇದರ ಸೋದರಿ ಯಾವುದು ಎಂದರೆ, ವೈರ್ ಕುರ್ಚಿ. ಬಗ್ಗಿಸಿದ ಕಬ್ಬಿಣದ ಪೈಪು, ಅದಕ್ಕೆ ಬಿಗಿಯಾಗಿ ಸುತ್ತಿದ ಹಸಿರು, ಹಳದಿ, ಕೆಂಪು ಪ್ಲಾಸ್ಟಿಕ್ ವೈರು. ಸಂತೆಗೆ ಹಿಡಿದುಕೊಂಡು ಹೋಗುವ ವೈರ್ ಬುಟ್ಟಿಯ ವೈರಿನ ಜಾತಿಯೇ ಅದೂ. ಮೆಕ್ಸಿಕೋದಲ್ಲಿ 1950ರ ದಶಕದಲ್ಲಿ ಇಂಥದ್ದೇ ವೈರು ಬಿಗಿದ ದುಂಡನೆಯ ಕುರ್ಚಿಯೊಂದು ಅಕಾಪುಲ್ಕೊ ಎಂಬ ಕಡಲೂರಿನ ಹೆಸರಿನಲ್ಲಿ ಪ್ರಸಿದ್ಧವಾಯಿತು. ಈಗ ಅದು ಜಗತ್ತಿನ ದುಬಾರಿ ಅಂಗಡಿಗಳಲ್ಲಿದೆ. ನಮ್ಮ ವೈರ್ ಕುರ್ಚಿಗೆ ಆ ಯೋಗ ಬರಲಿಲ್ಲ. ಹಿತ್ತಲಿನಲ್ಲಿ, ಹಜಾರದಲ್ಲಿ, ಹಳೆಯ ಫೋಟೋಗಳ ಹಿನ್ನೆಲೆಯಲ್ಲಿ ಉಳಿಯಿತು.

ವೈರ್ ಕುರ್ಚಿಯ ವೈರು ಸಾಮಾನ್ಯವಾಗಿ ಪಿವಿಸಿ. ಪಿವಿಸಿ ಹುಟ್ಟಿನಲ್ಲಿ ಗಡಸು, ನೀರಿನ ಪೈಪಿನ ಹಾಗೆ. 1926ರಲ್ಲಿ ಗುಡ್ರಿಚ್ ಕಂಪನಿಯ ವಾಲ್ಡೊ ಸೆಮನ್, ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದು ಹುಡುಕುತ್ತ, ಇದನ್ನು ಕೆಲವು ಎಣ್ಣೆಯಂಥ ದ್ರವಗಳಲ್ಲಿ ಕಾಯಿಸಿದಾಗ ಮೆತ್ತಗೆ ಬಗ್ಗುವ ವಸ್ತುವಾಯಿತು. ಆ ಎಣ್ಣೆ ಪ್ಲಾಸ್ಟಿಕ್ಕಿನಲ್ಲಿ ಬೆರೆತಿರುತ್ತದೆಯೇ ಹೊರತು ಬೆಸೆದುಕೊಂಡಿರುವುದಿಲ್ಲ. ಬಿಸಿಲು ಕಾದಂತೆ ನಿಧಾನವಾಗಿ ಹೊರಗೆ ಜಿನುಗಿ ಆರಿಹೋಗುತ್ತದೆ. ಹಳೆಯ ವೈರ್ ಕುರ್ಚಿ ಮೊದಲು ಅಂಟಂಟಾಗಿ, ಕೂತೆದ್ದಾಗ ತೊಡೆಯ ಹಿಂಬದಿಗೆ ಬರೆ ಬೀಳಿಸಿ, ಆಮೇಲೆ ಗಡಸಾಗಿ, ಕೊನೆಗೊಂದು ದಿನ ಯಾರೋ ದಪ್ಪನೆಯ ಮಾವ ಕೂತಾಗ ಟಪ್ಪೆಂದು ತುಂಡಾಗುವುದು ಈ ಕಾರಣಕ್ಕೆ. ಮಾವನ ತಪ್ಪೇನೂ ಇಲ್ಲ.

ಈಗಿನ ಕೃತಕ ಬೆತ್ತದ ಒಳ್ಳೆಯ ಮಾಲು ಪಿವಿಸಿಯಲ್ಲ, ಪಾಲಿಥೀನ್. ಅದರಲ್ಲೂ ಎಚ್‌ಡಿಪಿಇ ಎನ್ನುವ ಗಟ್ಟಿ ಬಗೆ. ಇದನ್ನು ತಂದು ಹೊರಾಂಗಣ ಪೀಠೋಪಕರಣದ ಲೋಕವನ್ನೇ ಬದಲಿಸಿದವರಲ್ಲಿ ಮುಖ್ಯನಾದವನು ಒಬ್ಬ ಫುಟ್‌ಬಾಲ್ ಗೋಲ್‌ಕೀಪರ್ ಎಂದರೆ ಆಶ್ಚರ್ಯವಾದೀತು. ಬಾಬಿ ಡೆಕೈಸರ್ ಬೆಲ್ಜಿಯಂ ಮೂಲದವನು, ಬಯರ್ನ್ ಮ್ಯೂನಿಕ್ ತಂಡದಲ್ಲಿದ್ದವನು. ಪೆಟ್ಟು ಬಿದ್ದು ಆಟ ನಿಂತಾಗ, 1990ರಲ್ಲಿ, ಜರ್ಮನಿಯಲ್ಲಿ ಡೆಡಾನ್ ಎಂಬ ಕಂಪನಿ ಶುರುಮಾಡಿದ. ಎಳೆಯನ್ನು ಜರ್ಮನಿಯಲ್ಲಿ ತಯಾರಿಸುವುದು, ಅದನ್ನು ಫಿಲಿಪ್ಪೀನ್ಸಿನ ಸೆಬು ದ್ವೀಪಕ್ಕೆ ಕಳಿಸುವುದು, ಅಲ್ಲಿ ತಲೆತಲಾಂತರದಿಂದ ಬೆತ್ತ ಹೆಣೆದು ಪಳಗಿದ ಕೈಗಳಿಂದ ಹೆಣೆಸುವುದು. ಎಳೆ ಯಂತ್ರದ್ದು, ಹೆಣಿಗೆ ಮನುಷ್ಯನದು. ಇಂದಿಗೂ ಬಹುಮಟ್ಟಿಗೆ ಹಾಗೆಯೇ: ಕುರ್ಚಿಯ ತೋಳಿನ ತಿರುವು, ಕಾಲಿನ ಸಂದಿಗಳಲ್ಲಿ ಎಳೆ ದಾಟಿಸುವ ಕೆಲಸ ಯಂತ್ರದ ಕೈಗೆ ಬಂದಿಲ್ಲ. ಇಂಥ ಕುರ್ಚಿಯ ಬೆಲೆಯಲ್ಲಿ ಪ್ಲಾಸ್ಟಿಕ್ಕಿಗಿಂತ ಬೆರಳುಗಳ ಪಾಲು ದೊಡ್ಡದು.

ಎಳೆ ಮಾಡುವ ಯಂತ್ರ ನಮ್ಮ ಚಕ್ಕುಲಿ ಒರಳಿನ ಅಣ್ಣ. ಪ್ಲಾಸ್ಟಿಕ್ ಕಾಳು, ಬಣ್ಣದ ಕಾಳು, ರಕ್ಷಕ ರಾಸಾಯನಿಕದ ಕಾಳು, ಎಲ್ಲವನ್ನೂ ಕಾಯಿಸಿ ಕಲಸಿ ಬಿಲ್ಲೆಯ ತೂತಿನಿಂದ ಒತ್ತಿದರೆ ಉದ್ದನೆಯ ಎಳೆ ಬರುತ್ತದೆ. ಅದನ್ನು ನೀರಿನ ತೊಟ್ಟಿಯಲ್ಲಿ ತಣಿಸಿ, ಎಳೆದು, ಸುತ್ತುತ್ತಾರೆ. ತೂತು ದುಂಡಗಿದ್ದರೆ ದುಂಡು ಎಳೆ, ಅರ್ಧಚಂದ್ರವಾದರೆ ಮೇಲೆ ಉಬ್ಬಿ ಕೆಳಗೆ ಚಪ್ಪಟೆಯಾದ ಎಳೆ. ಗುಟ್ಟಿರುವುದು ಕಾಳುಗಳ ಲೆಕ್ಕದಲ್ಲಿ. ಮೂರನೆಯ ಬಗೆಯ ಕಾಳು ಎಷ್ಟು ಬಿತ್ತು ಎನ್ನುವುದು ಕುರ್ಚಿಯ ಆಯುಸ್ಸು. ಕೊಳ್ಳುವವರ ಕಣ್ಣಿಗೆ ಅದು ಕಾಣುವುದೇ ಇಲ್ಲ.

ಅದೇಕೆ ಅಷ್ಟು ಮುಖ್ಯ? ರೈತರ ಮನೆಗಳಲ್ಲಿ ಇದಕ್ಕೆ ಸಾಕ್ಷಿ ಎರಡೂ ಕಡೆಯಿಂದ ಸಿಗುತ್ತದೆ. ಗೊಬ್ಬರದ ಚೀಲವನ್ನು ಬೇಲಿಗೆ ಕಟ್ಟಿ ಒಂದು ಬೇಸಗೆ ಕಳೆಯಲಿ. ಎಳೆ ಎಳೆ ಬಿಚ್ಚಿಕೊಂಡು, ಮುಟ್ಟಿದರೆ ಪುಡಿಯಾಗುತ್ತದೆ. ಅದೇ ಮನೆಯ ತಾರಸಿಯ ಮೇಲೆ ಕಪ್ಪು ನೀರಿನ ಟ್ಯಾಂಕು ವರ್ಷಗಟ್ಟಲೆ ಬಿಸಿಲು ಕಾಯುತ್ತ ಕೂತಿರುತ್ತದೆ, ಏನೂ ಆಗಿರುವುದಿಲ್ಲ. ಚೀಲವೂ ಟ್ಯಾಂಕೂ ಒಂದೇ ಮನೆತನದ ಪ್ಲಾಸ್ಟಿಕ್ಕುಗಳು. ಟ್ಯಾಂಕಿನ ಗೋಡೆ ದಪ್ಪ ಎನ್ನುವುದು ಒಂದು ಕಾರಣ. ಇನ್ನೊಂದು, ಅದರ ಮೈಯಲ್ಲಿರುವ ಕಪ್ಪು, ಅಂದರೆ ನುಣ್ಣನೆಯ ಇಂಗಾಲದ ಪುಡಿ. ಬಿಸಿಲಿನ ನೇರಳಾತೀತ ಕಿರಣ ಪ್ಲಾಸ್ಟಿಕ್ಕಿನ ಒಳಗೆ ಇಳಿಯುವ ಮೊದಲೇ ಆ ಪುಡಿ ಅದನ್ನು ನುಂಗಿಬಿಡುತ್ತದೆ.

ಪ್ಲಾಸ್ಟಿಕ್ ಎಂದರೆ ಇಂಗಾಲದ ಉದ್ದುದ್ದ ಸರಪಣಿಗಳು. ನೇರಳಾತೀತ ಕಿರಣ ಎಲ್ಲೋ ಒಂದು ಕೊಂಡಿಯನ್ನು ಕೀಳುತ್ತದೆ, ಕಿತ್ತ ತುದಿ ಗಾಳಿಯ ಆಮ್ಲಜನಕವನ್ನು ಹಿಡಿದುಕೊಂಡು ಪಕ್ಕದ ಕೊಂಡಿಯನ್ನು ಕೀಳುತ್ತದೆ, ಅದು ಇನ್ನೊಂದನ್ನು. ಉದ್ದನೆಯ ಸರಪಣಿಗಳು ತುಂಡು ತುಂಡಾದ ಮೇಲೆ ಬಗ್ಗುವ ಗುಣ ಹೋಗಿ, ಮುರಿಯುವ ಗುಣ ಬರುತ್ತದೆ. ಪಾಲಿಥೀನಿಗಿಂತ ಅದರ ಮನೆತನದ್ದೇ ಆದ ಪಾಲಿಪ್ರೊಪಿಲೀನ್ ಈ ಪೆಟ್ಟಿಗೆ ಬೇಗ ಸಿಕ್ಕುತ್ತದೆ, ಅದರ ಸರಪಣಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲದಲ್ಲಿ ಸಡಿಲವಾಗಿ ನಿಂತ ಜಲಜನಕವೊಂದಿರುವುದೇ ಇದಕ್ಕೆ ಕಾರಣ. ಇದಕ್ಕೆ ಮದ್ದು 1970ರ ದಶಕದಲ್ಲಿ ಬಂತು: ಹಾಲ್ಸ್ ಎಂದು ಕರೆಯುವ ಒಂದು ಗುಂಪಿನ ರಾಸಾಯನಿಕಗಳು. ಕಿತ್ತ ತುದಿಗಳನ್ನು ಇವು ಹಿಡಿದು ತಣ್ಣಗೆ ಮಾಡುತ್ತವೆ, ತಾವು ಮತ್ತೆ ಮೊದಲಿನ ರೂಪಕ್ಕೆ ಬಂದು ಇನ್ನೊಂದನ್ನು ಹಿಡಿಯುತ್ತವೆ. ಹಾಗಾಗಿ ಚಿಟಿಕೆಯಷ್ಟು ಹಾಕಿದರೂ ಬಹಳ ಕಾಲ ದುಡಿಯುತ್ತವೆ. ಪಿವಿಸಿಯಲ್ಲಿ ಮಾತ್ರ ಇವುಗಳ ಆಟ ಅಷ್ಟಾಗಿ ನಡೆಯುವುದಿಲ್ಲ. ಕಾದ ಪಿವಿಸಿ ಬಿಡುವ ಆಮ್ಲ ಇವನ್ನೇ ಕೆಡಿಸುತ್ತದೆ. ಅದಕ್ಕೆ ಬೇರೆಯದೇ ಮದ್ದು ಬೇಕು.

ಚಿಟಿಕೆಯಷ್ಟೇ ಆದರೂ ಮದ್ದು ದುಬಾರಿ. ಅಗ್ಗದ ಮಾಲಿನಲ್ಲಿ ಮೊದಲು ಕೈಬಿಡುವುದು ಅದನ್ನೇ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎರಡೂ ಕುರ್ಚಿ ಒಂದೇ ಥರ ಹೊಳೆಯುತ್ತವೆ.

ಇನ್ನೊಂದು ವಿಷಯ. ಯುರೋಪಿನ ತೋಟಕ್ಕೆಂದು ಲೆಕ್ಕ ಹಾಕಿದ ಮಾಲು ನಮ್ಮ ಬಿಸಿಲಿಗೆ ಅಷ್ಟೇ ಬಾಳಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನೇರಳಾತೀತ ಸೂಚ್ಯಂಕದಲ್ಲಿ 11 ಮತ್ತು ಅದಕ್ಕೂ ಮೇಲಿನದು ಅತಿ ತೀವ್ರ. ಮಾರ್ಚ್–ಏಪ್ರಿಲಿನ ಮೋಡವಿಲ್ಲದ ಮಧ್ಯಾಹ್ನ ಬೆಂಗಳೂರಿನಲ್ಲಿ ಆ ಗಡಿ ದಾಟುವುದು ಮಾಮೂಲು. ಉತ್ತರ ಜರ್ಮನಿಯಲ್ಲಿ ನಡುಬೇಸಗೆಯಲ್ಲೂ ಅಲ್ಲಿಗೆ ಮುಟ್ಟುವುದಿಲ್ಲ. ಚಳಿಗಾಲಕ್ಕಂತೂ ಅವರು ಕುರ್ಚಿಯನ್ನು ಒಳಗಿಡುತ್ತಾರೆ ಇಲ್ಲವೆ ಹೊದಿಕೆ ಹಾಕುತ್ತಾರೆ. ನಮ್ಮದು ವರ್ಷವಿಡೀ ಹೊರಗೇ. ಬೆಂಗಳೂರಿನ ತಂಪು ಇಲ್ಲಿ ಮೋಸ ಮಾಡುತ್ತದೆ. ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದ ಊರು. ಗಾಳಿ ತಣ್ಣಗಿದ್ದರೂ ಕಿರಣ ತಣ್ಣಗಿರುವುದಿಲ್ಲ.

ನಮ್ಮ ಪಕ್ಕದ ಮನೆಯ ತಾರಸಿಯಲ್ಲಿ ಇಂಥದ್ದೊಂದು ಕುರ್ಚಿ ಇದೆ. ಅದನ್ನು ಒಮ್ಮೆ ಕೂತು ಪರೀಕ್ಷೆ ಮಾಡಿದೆ, ಅಂದರೆ ನೆಲದ ಮೇಲೆ ಕೂತು. ಆಸನದ ನಡುಭಾಗ, ಜನ ಕೂರುವ ಜಾಗ, ಚೆನ್ನಾಗಿಯೇ ಇತ್ತು. ಅಲ್ಲಿ ಯಾವಾಗಲೂ ದಿಂಬಿನ ನೆರಳು. ಹೋಗಿದ್ದದ್ದು ಪಡುವಣಕ್ಕೆ ಮುಖಮಾಡಿದ್ದ ಬಲತೋಳು, ಅದರಲ್ಲೂ ಎಳೆ ಪೈಪನ್ನು ಸುತ್ತಿ ಬಾಗುವ ನೆತ್ತಿ. ಬಾಗಿದ ಕಡೆ ಎಳೆಯ ಹೊರಮೈ ಸದಾ ಜಗ್ಗಿದ ಸ್ಥಿತಿಯಲ್ಲಿರುತ್ತದೆ, ಬಿಸಿಲೂ ನೇರ ಬೀಳುತ್ತದೆ. ಭೂತಗನ್ನಡಿ ಹಿಡಿದರೆ ಅಡ್ಡಡ್ಡ ಕೂದಲೆಳೆಯ ಸೀಳುಗಳು. ಬೆರಳಾಡಿಸಿದರೆ ತುದಿಗೆ ಬಿಳಿಯ ಪುಡಿ. ಕೆಳಗೆ ತುಳಸಿಕುಂಡದ ಮಣ್ಣಿನ ಮೇಲೆ ಕಂದು ಚೂರುಗಳು ಉದುರಿದ್ದವು. ಸೂಕ್ಷ್ಮ ಪ್ಲಾಸ್ಟಿಕ್ ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದು ಹುಟ್ಟುವ ದಾರಿಗಳಲ್ಲಿ ಇದೂ ಒಂದು. ಇನ್ನು ಕಾಲಿನ ಒಳಬದಿಯಲ್ಲಿ ತುಕ್ಕಿನ ಗೆರೆ ಇಳಿದಿತ್ತು. ಹೆಣಿಗೆಯ ಮರೆಯಲ್ಲಿದ್ದ ಕಬ್ಬಿಣದ ಪೈಪು ಮಳೆನೀರು ಕುಡಿದಿತ್ತು. ಕುರ್ಚಿಯನ್ನು ಎತ್ತಿದ ಕೂಡಲೇ ಭಾರದಿಂದಲೇ ಗೊತ್ತಾಗಿತ್ತು, ಇದು ಅಲ್ಯೂಮಿನಿಯಂ ಅಲ್ಲವೆಂದು. ಮಂಗಳೂರು, ಕಾರವಾರದ ಉಪ್ಪುಗಾಳಿಗಾದರೆ ಈ ಪೈಪು ಇನ್ನೂ ಬೇಗ ಕೈಕೊಡುತ್ತಿತ್ತು.

ಮುರಿದ ಎಳೆಯ ಎರಡು ಚೂರನ್ನು ನೀರಿನ ಲೋಟಕ್ಕೆ ಹಾಕಿದೆ. ಮುಳುಗಿದವು. ಇದು ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ. ಎಚ್‌ಡಿಪಿಇ ನೀರಿಗಿಂತ ಹಗುರ, ತೇಲುತ್ತದೆ, ಪಾಲಿಪ್ರೊಪಿಲೀನೂ ತೇಲುತ್ತದೆ, ಪಿವಿಸಿ ನೀರಿಗಿಂತ ಸುಮಾರು ಒಂದೂಕಾಲರಿಂದ ಒಂದೂವರೆ ಪಟ್ಟು ಭಾರ, ಮುಳುಗುತ್ತದೆ. ಚೂರಿಗೆ ಗಾಳಿಗುಳ್ಳೆ ಅಂಟಿರದಂತೆ ಬೆರಳಿನಿಂದ ಒಮ್ಮೆ ಅದ್ದಿಬಿಡಬೇಕು, ಅಷ್ಟೆ. ಅಂಗಡಿಯಲ್ಲಿ ಎಚ್‌ಡಿಪಿಇ ಎಂದು ಹೇಳಿದರೆ, ಮಾದರಿ ಎಳೆಯ ಒಂದು ತುಂಡು ಕೊಡಿ ಎನ್ನಿ. ಕೊಡಲು ಹಿಂದೆಮುಂದೆ ನೋಡಿದರೆ ಅದೂ ಒಂದು ಉತ್ತರವೇ. ಸುಟ್ಟು ನೋಡುವ ಚಾಳಿ ಕೆಲವರಿಗಿದೆ, ದಯವಿಟ್ಟು ಬೇಡ. ಪಿವಿಸಿ ಸುಟ್ಟರೆ ಬರುವ ಹೊಗೆ ಗಂಟಲನ್ನು ಸುಡುವ ಆಮ್ಲ.

ಪಕ್ಕದ ಮನೆಯವರು ಆ ತೋಳನ್ನು ಮತ್ತೆ ಹೆಣೆಸಬೇಕೆಂದು ಮಂಚ–ಕುರ್ಚಿ ಹೆಣೆಯುವವರೊಬ್ಬರನ್ನು ಕರೆಸಿದರು. ಆತ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ, ‘ಅಮ್ಮಾ, ಇದಕ್ಕೆಲ್ಲ ಪಿನ್ ಹೊಡೆದಿದಾರೆ. ಬಿಚ್ಚೋಕೇ ಒಂದು ದಿನ ಹಿಡಿಯುತ್ತೆ. ಒಂದು ಎಳೆ ಎಳೆದ್ರೆ ಹತ್ತು ಮುರಿಯುತ್ತೆ. ಹಳೇ ವೈರ್ ಕುರ್ಚಿ ಇದ್ರೆ ಕೊಡಿ, ಊಟದ ಹೊತ್ತಿಗೆ ಮಾಡಿಕೊಡ್ತೀನಿ’ ಎಂದರು. ಆತ ಹೇಳಿದ್ದರಲ್ಲಿ ಇಡೀ ವಿಷಯ ಇದೆ. ವೈರ್ ಕುರ್ಚಿಯಲ್ಲಿ ಪೈಪು ಬೇರೆ, ವೈರು ಬೇರೆ. ವೈರಿನ ಗಂಟು ಬಿಚ್ಚಿದರೆ ಪೈಪು ಬರಿಮೈಯಾಗಿ ಕೈಗೆ ಬರುತ್ತದೆ. ಕೃತಕ ಬೆತ್ತದಲ್ಲಿ ಎಳೆಯ ತುದಿಗಳನ್ನು ಗಾಳಿಯ ಒತ್ತಡದ ಗನ್ನಿನಿಂದ ಪಿನ್ನು ಹೊಡೆದು ಕೂರಿಸಿ, ಅದರ ಮೇಲೆ ಇನ್ನೊಂದು ಸುತ್ತು ಹೆಣೆದು ಮುಚ್ಚಿರುತ್ತಾರೆ. ನೋಡಲು ಅಚ್ಚುಕಟ್ಟು. ಬಿಚ್ಚಲು ಬಾರದು. ಕೊನೆಗೆ ಗುಜರಿಯವನು ಬಂದಾಗ ಪೈಪನ್ನಷ್ಟೇ ತೂಗುತ್ತಾನೆ; ಎಚ್‌ಡಿಪಿಇ ಮರುಬಳಕೆಗೆ ಚೆನ್ನಾಗಿ ಒಗ್ಗುವ ಪ್ಲಾಸ್ಟಿಕ್ ಎಂದು ಪುಸ್ತಕದಲ್ಲಿದ್ದರೂ, ಪಿನ್ನುಗಳ ಸಮೇತ ಕತ್ತರಿಸಿ ತೆಗೆದ ಆ ಕಂತೆಯನ್ನು ಕೇಳುವವರಿಲ್ಲ.

ಎಲ್ಲ ಹೊರಾಂಗಣ ನೇಯ್ಗೆಯೂ ಹೀಗಿಲ್ಲ ಎಂಬುದನ್ನು ಹೇಳಬೇಕು. ಈಜುಕೊಳದ ಬದಿಯ ಒರಗುಕುರ್ಚಿಗಳಲ್ಲಿ ಬಿಗಿದಿರುವ ಜಾಲರಿಯಂಥ ಬಟ್ಟೆ ಇನ್ನೊಂದು ಬಗೆ. ಒಳಗೆ ಪಾಲಿಯೆಸ್ಟರ್ ನೂಲು, ಮೇಲೆ ಪಿವಿಸಿಯ ಲೇಪ. ನೇಯ್ದ ಮೇಲೆ ಶಾಖ ಕೊಟ್ಟು ಹಾಸು–ಹೊಕ್ಕು ಕೂಡುವ ಕಡೆ ಬೆಸೆಯುತ್ತಾರೆ. ಬಲ ನೂಲಿನದು, ಬಿಸಿಲು ತಡೆಯುವ ಹೊಣೆ ಲೇಪದ್ದು. ಇಡೀ ಬಟ್ಟೆ ಚೌಕಟ್ಟಿನ ತೋಡಿನಲ್ಲಿ ಜಾರಿ ಕೂರುತ್ತದೆ, ಹಾಳಾದರೆ ಜಾರಿಸಿ ತೆಗೆದು ಬೇರೆ ಹಾಕಬಹುದು. ದಿಂಬಿನ ಬಟ್ಟೆಗೆ ಅಕ್ರಿಲಿಕ್ ಒಳ್ಳೆಯದು. ಅಮೆರಿಕದ ಗ್ಲೆನ್ ರೇವನ್ ಕಂಪನಿ 1961ರಲ್ಲಿ ಸನ್‌ಬ್ರೆಲಾ ಎಂಬ ಹೆಸರಿನಲ್ಲಿ ತಂದ ಬಟ್ಟೆ ಇದು. ಇದರ ಎಳೆಗೆ ಬಣ್ಣವನ್ನು ಎಳೆ ತೆಗೆಯುವ ಮೊದಲೇ, ದ್ರಾವಣದಲ್ಲೇ ಬೆರೆಸುತ್ತಾರೆ. ಆದ್ದರಿಂದ ಬಿಸಿಲಿಗೆ ಬೇಗ ಮಾಸುವುದಿಲ್ಲ. ನೇಯ್ದ ಮೇಲೆ ಬಣ್ಣ ಹಾಕಿದ ಮಾಮೂಲು ದಿಂಬುಬಟ್ಟೆ ಮೊದಲ ಬೇಸಗೆಯಲ್ಲೇ ಬೆಳ್ಳಗಾಗುತ್ತದೆ.

ಇತ್ತೀಚೆಗೆ ದುಬಾರಿ ಅಂಗಡಿಗಳಲ್ಲಿ ಕೃತಕ ಬೆತ್ತ ಹಿಂದೆ ಸರಿದು ಹಗ್ಗದ ಕುರ್ಚಿ ಮುಂದೆ ಬಂದಿದೆ. ಪೌಡರ್ ಕೋಟಿಂಗ್ ಮಾಡಿದ ಅಲ್ಯೂಮಿನಿಯಂ ಚೌಕಟ್ಟು, ಅದಕ್ಕೆ ಅಡ್ಡಡ್ಡ ಬಿಗಿದ ಬೆರಳುದಪ್ಪದ ಹೆಣೆದ ಹಗ್ಗ. ನಮ್ಮ ಉತ್ತರ ಕರ್ನಾಟಕದ ಹೊರಸನ್ನು ಎಬ್ಬಿಸಿ ಕಾಲು ಮಡಚಿ ಕೂರಿಸಿದ ಹಾಗೆ ಕಾಣುತ್ತದೆ. ಅದರ ಬೆಲೆ ಕೇಳಿದರೆ ಹೊರಸು ಹೆಣೆಯುವವರು ನಕ್ಕಾರು. ಆದರೂ ಈ ಫ್ಯಾಶನ್ ನನಗೆ ಒಪ್ಪಿಗೆ. ಇದರಲ್ಲಿ ಪಿನ್ನಿನ ಉಪದ್ರವ ಕಡಿಮೆ, ಹಗ್ಗದ ತುದಿ ಎಲ್ಲಿದೆಯೆಂದು ಹುಡುಕಿದರೆ ಸಿಗುತ್ತದೆ, ಮಂಚ ಹೆಣೆಯಬಲ್ಲ ಯಾರಾದರೂ ಇದನ್ನು ಬಿಚ್ಚಿ ಮತ್ತೆ ಬಿಗಿಯಬಲ್ಲರು. ಹಾಗೆ ಹೆಣೆಸುವವರಿಗೆ ಒಂದು ಎಚ್ಚರಿಕೆ. ಮಾರುಕಟ್ಟೆಯಲ್ಲಿ ‘ನೈಲಾನ್’ ಎಂದು ಕೊಡುವ ನೀಲಿ, ಹಳದಿ ಹಗ್ಗದಲ್ಲಿ ಬಹುಪಾಲು ನೈಲಾನ್ ಇರುವುದಿಲ್ಲ, ಪಾಲಿಪ್ರೊಪಿಲೀನೋ ಎಚ್‌ಡಿಪಿಇಯೋ ಇರುತ್ತದೆ. ಬಾವಿಗೆ, ಬಟ್ಟೆ ಒಣಹಾಕಲು ಸಾಕು, ಮದ್ದು ಬೀಳದಿದ್ದರೆ ಬಿಸಿಲಿನಲ್ಲಿ ಮೈಭಾರ ಹೊರಲು ಸಾಲದು. ಪಾಲಿಯೆಸ್ಟರ್ ಹಗ್ಗ ಕೇಳಿ. ಅದು ನೀರಿನಲ್ಲಿ ಮುಳುಗುತ್ತದೆ, ಮದ್ದಿಲ್ಲದ ಪಾಲಿಪ್ರೊಪಿಲೀನಿಗಿಂತ ಬಿಸಿಲನ್ನು ಎಷ್ಟೋ ಮೇಲಾಗಿ ತಡೆಯುತ್ತದೆ. ಒಂದು ಕುರ್ಚಿಗೆ ಬೇಕಾದದ್ದಕ್ಕಿಂತ ನಾಲ್ಕು ಮಾರು ಹೆಚ್ಚು ಕೊಂಡು, ಉಳಿದದ್ದನ್ನು ಬಿಸಿಲು ತಾಗದ ಕಪಾಟಿನಲ್ಲಿ ಎತ್ತಿಡಿ. ತೋಳು ಮೊದಲು ಹೋಗುತ್ತದೆ. ಅಷ್ಟನ್ನೇ ಬಿಚ್ಚಿ ಅದೇ ಬಣ್ಣದಲ್ಲಿ ಕಟ್ಟಿಸಿಕೊಳ್ಳಬಹುದು.